ಗೋರಿಗೆ ಒಂದು ಬಾಂಡ್ಲಿ ಕೆಸರು

ಕಸ್ಮುರಿ ಆ ದಿನವೂ ಕೆಸರು ತಂದ.

ನೀರು ಇಳಿದ ಹೊತ್ತಿನಲ್ಲಿ ದೋಣಿ ತಳ್ಳಿಕೊಂಡು ಹೋಗಿ, ಹಾಳುಬಿದ್ದ ಹೂಮೀನಿನ ಹೊಂಡದ ತಳದಿಂದ ಬಾಚಿ ಬಾಚಿ ತುಂಬಿಸಿ, ದೋಣಿಯ ಅಂಚು ನೀರಿಗೆ ತಾಗುವ ಹಾಗೆ ಭಾರ ಮಾಡಿಕೊಂಡು ಬಂದ. ಬಾಗಿಲ ಮುಂದೆ ದೋಣಿ ಕಟ್ಟಿ, ಬಾಂಡ್ಲಿಯಲ್ಲಿ ಹೊತ್ತು ಒಳಗೆ ಸುರಿದ. ಕಪ್ಪು ಕೆಸರು. ಕೊಳೆತ ಮೊಟ್ಟೆಯ ನಾತ. ಮೂಲೆಯಲ್ಲಿ ಒಲೆ ಹಚ್ಚಿಕೊಂಡು ಕೂತಿದ್ದ ಜುಮಿಯಾತಿ ತಲೆವಸ್ತ್ರದ ಅಂಚನ್ನು ಮೂಗಿಗೆ ಒತ್ತಿಕೊಂಡಳು.

“ಅನ್ನಕ್ಕೂ ಇದೇ ನಾತ ಹತ್ಕೊಂಡಿದೆ, ಕಾಂಗ್,” ಎಂದಳು. ಆ ಊರಲ್ಲಿ ಹೆಂಡತಿ ಗಂಡನನ್ನು ಕರೆಯುವುದು ಹಾಗೆ.

“ಹಾಗಾದ್ರೆ ಒಣಮೀನು ಬೇರೆ ಯಾಕೆ ಹುರೀತೀಯ? ಎಣ್ಣೆ ಉಳೀತು.”

“ನೀನು ಹೀಗೇ ನೆಲ ಏರಿಸ್ತಾ ಹೋದ್ರೆ ನಾವು ಚಾವಣಿಗೆ ಅಂಟಿಕೊಳ್ಬೇಕಾಗತ್ತೆ.”

“ಹಲ್ಲಿ ನೋಡು, ಚಾವಣಿಗೆ ಅಂಟಿಕೊಂಡೇ ಬದುಕತ್ತೆ. ಯಾವತ್ತಾದ್ರೂ ಅದರ ಕಾಲು ಒದ್ದೆ ಆಗಿದ್ದು ನೋಡಿದ್ದೀಯಾ?”

ನಗುತ್ತಾ ಹೊರಗೆ ಹೋಗುವಾಗ ಬಾಗಿಲ ಮೇಲ್ಪಟ್ಟಿಗೆ ಹಣೆ ಹೊಡೆಸಿಕೊಂಡ. ದಿನಾ ಹೊಡೆಸಿಕೊಳ್ಳುತ್ತಿದ್ದ. ಜುಮಿಯಾತಿ ಮದುವೆಯಾಗಿ ಬಂದಾಗ ಅವಳ ಜೊತೆ ಬಂದ ಬೀರು ಆ ಬಾಗಿಲಲ್ಲಿ ನಿಂತುಕೊಂಡೇ ಒಳಗೆ ಬಂದಿತ್ತು. ಈಗ ಮನುಷ್ಯರೇ ಕೋಳಿಗೂಡಿಗೆ ನುಗ್ಗುವ ಹಾಗೆ ನುಗ್ಗಬೇಕು. ಕಿಟಕಿ ಮೊಣಕಾಲಿನ ಹತ್ತಿರ ಬಂದು ನಿಂತಿತ್ತು. ಹೊರಗೆ ಯಾರಾದರೂ ಹಾದುಹೋದರೆ ಮುಖ ಕಾಣುವುದಿಲ್ಲ, ಕಾಲು ನೋಡಿ ಗುರುತು ಹಿಡಿಯಬೇಕು.

ಕರಂಗ್‌ಲೋದ ಮನೆಗಳೆಲ್ಲ ಹಾಗೆಯೇ. ಆ ಊರಿನವರಿಗೆ ಗೊತ್ತಿದ್ದ ಯೋಜನೆ ಅದೊಂದೇ. ಸಮುದ್ರ ಒಂದು ಗೇಣು ಏರಿದರೆ ನೆಲ ಒಂದು ಗೇಣು ಏರಿಸು. ಏರಿಸಲು ಜಾಗ ಮುಗಿದರೆ ಚಾವಣಿ ಕಿತ್ತು ಮೇಲೆ ಕಟ್ಟು. ಅದಕ್ಕೂ ಆಗದಿದ್ದರೆ ಊರು ಬಿಡು. ಬಹಳ ಜನ ಬಿಟ್ಟಿದ್ದರು. ಅವರ ಅಡುಗೆಮನೆಗಳಲ್ಲಿ ಏಡಿಗಳು ಸಂಸಾರ ಮಾಡುತ್ತಿದ್ದವು.

“ನಾಳೆ ದೊಡ್ಡವರು ಬರ್ತಾರೆ,” ಎಂದ ಕಸ್ಮುರಿ ಸಂಜೆ, ಕಾಲು ತೊಳೆದುಕೊಳ್ಳುತ್ತಾ. ತೊಳೆದ ನೀರೂ ಕೆಸರಿನದೇ. “ಬಾಟಿಕ್ ಅಂಗಿಗೆ ಇಸ್ತ್ರಿ ಹಾಕಿಡು.”

“ಸೊಂಟದ ತನಕ ನೀರಲ್ಲಿ ನಿಂತು ದೋಣಿ ಹಿಡಿಯೋನಿಗೆ ಇಸ್ತ್ರಿ ಅಂಗಿ ಯಾಕೆ?”

“ಫೋಟೋದಲ್ಲಿ ಸೊಂಟದಿಂದ ಮೇಲೆ ತಾನೆ ಬರೋದು?”

ಅವಳು ಇಸ್ತ್ರಿ ಹಾಕಿಟ್ಟಳು. ಅವನು ಸಲಿಕೆಯ ಬೆನ್ನಿನಿಂದ ನೆಲ ತಟ್ಟಿದ. ಅರ್ಧ ಮನೆ ಮುಗಿದಿತ್ತು, ಒಲೆಯ ಕಡೆಯ ಅರ್ಧ ಉಳಿದಿತ್ತು. “ಇದು ನಾಳಿದ್ದು,” ಎಂದು ಬೆನ್ನು ನೆಟ್ಟಗೆ ಮಾಡಲು ಹೋಗಿ, ಚಾವಣಿ ನೆನಪಾಗಿ, ಅರ್ಧಕ್ಕೇ ನಿಲ್ಲಿಸಿದ. ಆ ದಿನ ನಡೆದದ್ದು ಅಷ್ಟೇ. ಅದಕ್ಕಿಂತ ಹೆಚ್ಚಿನದು ನೆನಪಿಟ್ಟುಕೊಳ್ಳಬೇಕು ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ದೊಡ್ಡವರು ಬರುತ್ತಿದ್ದುದು ಹೊಸ ಹಲಗೆ ದಾರಿ ನೋಡಲು. ಆ ದಾರಿ ಹುಟ್ಟಿದ್ದು ಹಿಂದಿನ ವರ್ಷ, ಮಸೀದಿಯ ಜಗಲಿಯಲ್ಲಿ.

ಜಕಾರ್ತಾದಿಂದ ಒಂದು ಸಂಸ್ಥೆಯವರು ಬಂದಿದ್ದರು. ಸಮುದ್ರ ಏರುತ್ತಿದೆ, ಇನ್ನೂ ಏರುತ್ತದೆ, ಊರಿನವರೇ ಕೂತು ತಮ್ಮ ಊರಿಗೆ ಯೋಜನೆ ಹಾಕಿಕೊಳ್ಳಬೇಕು, ನಾವು ಬರೀ ಸಹಾಯಕ್ಕೆ ಎಂದರು. ಮುಂದೆ ನಿಂತು ಮಾತಾಡಿದವಳು ವಿನಾರ್ತಿ ಎಂಬ ಹುಡುಗಿ. ಕೆಟ್ಟವಳಲ್ಲ. ಕೆಸರಿಗೆ ಬಿದ್ದರೂ ನಗುತ್ತಾ ಏಳುತ್ತಿದ್ದಳು. ಊರಿನ ದೊಡ್ಡ ನಕ್ಷೆಯನ್ನು ನೆಲದ ಮೇಲೆ ಹಾಸಿ, ಹಸಿರು ಮತ್ತು ಕೆಂಪು ಚುಕ್ಕೆಗಳ ಅಂಟುಕಾಗದ ಹಂಚಿದಳು. ನಿಮಗೆ ಮುಖ್ಯವಾದ ಜಾಗಕ್ಕೆ ಹಸಿರು ಅಂಟಿಸಿ, ಅಪಾಯದ ಜಾಗಕ್ಕೆ ಕೆಂಪು ಅಂಟಿಸಿ ಎಂದಳು. ಗಂಡಸರು ಮಕ್ಕಳ ಹಾಗೆ ಮುಗಿಬಿದ್ದರು. ಕಸ್ಮುರಿಯ ತಮ್ಮ ಬಸ್ರೋನ್ ಒಂದು ಕೆಂಪು ಚುಕ್ಕೆಯನ್ನು ಪಕ್ಕದ ಮನೆಯ ತರ್ಮಿನಾಳ ಬಾಗಿಲಿಗೆ ಅಂಟಿಸಿದ.

“ಅಲ್ಲೇನು ಅಪಾಯ, ಪಾಕ್?” ಎಂದು ವಿನಾರ್ತಿ ಕೇಳಿದಳು. ಗಂಡಸರನ್ನೆಲ್ಲ ಗೌರವಕ್ಕೆ ಪಾಕ್ ಎನ್ನುತ್ತಿದ್ದಳು.

“ಅವಳ ನಾಲಿಗೆ.”

“ಬಾ ಇಲ್ಲಿ, ನಿನ್ನ ಹಲ್ಲಿಗೆ ಹಸಿರು ಅಂಟಿಸ್ತೀನಿ,” ಎಂದಳು ತರ್ಮಿನಾ ಹಿಂದಿನಿಂದ. “ಊರಲ್ಲಿ ಉಳಿದಿರೋ ಹಸಿರು ಗದ್ದೆ ಅದೊಂದೇ.”

ಜಗಲಿಯೆಲ್ಲ ನಕ್ಕಿತು. ತಿಂಡಿಯ ಪೆಟ್ಟಿಗೆಗಳು ಬಂದವು. ಒಳಗೆ ಬಾಳೆಎಲೆಯಲ್ಲಿ ಸುತ್ತಿದ ಅಂಟಕ್ಕಿಯ ಉಂಡೆ, ಒಂದು ಕರಿದದ್ದು, ಪ್ಲಾಸ್ಟಿಕ್ ಲೋಟದಲ್ಲಿ ನೀರು. ಸುತ್ತ ಸಮುದ್ರ ನಿಂತಿರುವಾಗ ಕುಡಿಯಲು ನೀರನ್ನು ಪೆಟ್ಟಿಗೆಯಲ್ಲಿ ತಂದಿದ್ದರು.

ಖಬರಸ್ತಾನಕ್ಕೆ ಮಾತ್ರ ಯಾರೂ ಚುಕ್ಕೆ ಅಂಟಿಸಲಿಲ್ಲ. ಅದು ಊರಿನ ಪೂರ್ವಕ್ಕೆ, ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಏಳುವ ಜಾಗ. ಮರೆತಿದ್ದರು ಅಂತಲ್ಲ. ಗುರುವಾರ ಸಂಜೆ ಹೂವಿನ ಎಸಳು ಹಿಡಿದು ಅಲ್ಲಿಗೆ ಹೋಗದ ಮನೆ ಊರಲ್ಲಿರಲಿಲ್ಲ. ಆದರೆ ತಿಂಡಿ ತಿನ್ನುತ್ತಾ, ಅತಿಥಿಗಳ ಮುಂದೆ, ಗೋರಿಯ ಮೇಲೆ ಬೆರಳಿಡುವುದೆಂದರೆ ಸಾವನ್ನು ಕೂಗಿ ಕರೆದ ಹಾಗೆ. ಯಾರ ಬೆರಳು ಬೀಳುತ್ತದೋ ಮೊದಲು ಅವರ ಮನೆಗೆ. ಎಲ್ಲರೂ ಬೇರೆ ಯಾರಾದರೂ ಅಂಟಿಸಲಿ ಎಂದು ಕಾದರು. ಯಾರೂ ಅಂಟಿಸಲಿಲ್ಲ. ನಕ್ಷೆಯಲ್ಲಿ ಆ ಜಾಗ ನೀಲಿಯಾಗಿಯೇ ಉಳಿಯಿತು.

ಸಂಸ್ಥೆಯವರು ಕೊಡುವ ಹಲಗೆ ನೀರಿನ ಮೇಲಿನ ಒಂದೇ ದಾರಿಗೆ ಸಾಲುವಷ್ಟಿತ್ತು. ವಿನಾರ್ತಿ ಮಸೀದಿಯಿಂದ ಪಶ್ಚಿಮಕ್ಕೆ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಡೆಗೆ ಒಂದು ಗೆರೆ ಎಳೆದಳು. ಗಿಡಗಳ ನಡುವೆ ಒಂದು ಅಟ್ಟಣೆ ಕಟ್ಟಿದರೆ ಪಟ್ಟಣದ ಜನ ನೋಡಲು ಬರುತ್ತಾರೆ, ನಿಮಗೆ ಚಹಾ ತಿಂಡಿಯ ವ್ಯಾಪಾರವಾಗುತ್ತದೆ ಎಂದಳು. ಆಮೇಲೆ ಪೂರ್ವದ ಕಡೆ ಪೆನ್ನು ತೋರಿಸಿದಳು.

“ಈ ಕಡೆ ಏನಾದ್ರೂ ಇದೆಯಾ?”

ಜುಮಿಯಾತಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಗಂಡನ ಬಾಯಿ ತೆರೆದದ್ದು ಅವಳಿಗೆ ಕಂಡಿತು. ಬಂದದ್ದು ಒಂದು ಕೆಮ್ಮು.

“ನೀರು,” ಎಂದರು ಊರಿನ ಮುಖಂಡ ಸುಬ್ಕಾನ್.

“ಹಾಗಾದ್ರೆ ಪಶ್ಚಿಮಕ್ಕೇ ಮಾಡೋಣ್ವಾ? ಬೇರೆ ಯೋಚನೆ ಇದ್ರೆ ದಯವಿಟ್ಟು ಹೇಳಿ. ಇದು ನಿಮ್ಮ ಊರು.”

“ಆಗ್ಲಿ, ಆಗ್ಲಿ,” ಎಂದರು ಎಲ್ಲರೂ. ಕಸ್ಮುರಿಯೂ.

ಮನೆಗೆ ಬಂದ ಅತಿಥಿ ಬಾಯಿಬಿಟ್ಟು ಕೇಳಿದ್ದಕ್ಕೆ ಬೇಡ ಎನ್ನುವವನು ಜಾವಾದ ಆ ಕರಾವಳಿಯಲ್ಲಿ ಇನ್ನೂ ಹುಟ್ಟಿಲ್ಲ. ಆಗಲಿ ಎಂದು ತಲೆ ತಗ್ಗಿಸುವುದು, ಮನಸ್ಸಿಲ್ಲದಿದ್ದರೆ ಆಮೇಲೆ ಸದ್ದಿಲ್ಲದೆ ಮಾಡದೆ ಬಿಡುವುದು. ಕೇಳಿದವರಿಗೂ ಅದು ಅರ್ಥವಾಗುತ್ತದೆ. ಜಕಾರ್ತಾದ ಹುಡುಗಿಗೆ ಅರ್ಥವಾಗಲಿಲ್ಲ. ಅವಳು ಆಗಲಿ ಎಂದದ್ದನ್ನು ಆಗಲಿ ಎಂದೇ ತೆಗೆದುಕೊಂಡಳು. ಕಟ್ಟಿಸಿಯೂ ಬಿಟ್ಟಳು.

ಅಂದು ಮನೆಗೆ ಬಂದ ಮೇಲೆ ಜುಮಿಯಾತಿ ಗಂಡನ ಮುಂದೆ ತಟ್ಟೆಯನ್ನು ಕುಕ್ಕಿದ್ದಳು.

“ನಿಮ್ಮಪ್ಪ ಅಮ್ಮ ಮಲಗಿರೋದು ನೀರಾ?”

“ಅಷ್ಟು ದೂರದಿಂದ ಬಂದಿದ್ದಾರೆ ಜುಮಿ. ಮುಖ ಮುರಿಯೋಕಾಗತ್ತಾ? ಸತ್ತವರಿಗೆ ಅವಸರ ಇಲ್ಲ. ಮುಂದಿನ ಸಲ ಅವರ ಪಾಳಿ.”

ಮುಂದಿನ ಪಾಳಿ ಅವನದೇ ಆಯಿತು.

ಅಂಗಿಗೆ ಇಸ್ತ್ರಿ ಹಾಕಿಟ್ಟ ಮರುದಿನ ದೊಡ್ಡವರು ಬಂದರು. ಕಿತ್ತಳೆ ಬಣ್ಣದ ತೇಲುವ ಕೋಟು ತೊಟ್ಟು, ರಬ್ಬರ್ ಬೂಟು ಹಾಕಿ. ಹಲಗೆ ದಾರಿಯ ಮೇಲೆ ನಡೆದರು. ಅಟ್ಟಣೆಯ ಮೇಲೆ ನಿಂತು ಭಾಷಣ ಮಾಡಿದರು. ಆಮೇಲೆ ಕಾಂಡ್ಲಾ ಸಸಿ ನೆಡಬೇಕಿತ್ತು. ಬೂಟು ಇದ್ದರೂ ಕೆಸರಿಗೆ ಇಳಿಯಲು ಮನಸ್ಸಿಲ್ಲ. ಅವರನ್ನು ದೋಣಿಯಲ್ಲಿ ಕೂರಿಸಿ ಗಿಡಗಳ ಹತ್ತಿರ ಒಯ್ದರು. ದೋಣಿ ಅಲುಗಬಾರದು. ಕಸ್ಮುರಿ ಸೊಂಟದ ತನಕ ನೀರಲ್ಲಿ ನಿಂತು, ಹಗ್ಗವನ್ನು ಕೈಗೆ ಸುತ್ತಿ ಎಳೆದು ಹಿಡಿದ. ಒಬ್ಬೊಬ್ಬರೂ ದೋಣಿಯಿಂದ ಬಾಗಿ ಒಂದೊಂದು ಸಸಿ ಚುಚ್ಚಿದರು. ಫೋಟೋ ಚೆನ್ನಾಗಿ ಬಾರದವರು ಅದನ್ನೇ ಕಿತ್ತು ಮತ್ತೆ ಚುಚ್ಚಿದರು. ಬಿಸಿಲು ನೆತ್ತಿಗೆ ಬಂತು. ಅವರು ಅಟ್ಟಣೆ ಹತ್ತಿ ಊಟಕ್ಕೆ ಕೂತರು. ನೀನೂ ಬಾ ಎಂದು ಯಾರೂ ಕರೆಯಲಿಲ್ಲ. ಬಿಡಲೇ ಎಂದು ಅವನೂ ಕೇಳಲಿಲ್ಲ.

ಊಟ ಮುಗಿಸಿ ಬಂದಾಗ ಅವನು ಕಾಂಡ್ಲಾ ಬೇರಿಗೆ ಒರಗಿ ಕೂತ ಹಾಗಿದ್ದ. ನೀರು ಗದ್ದದ ತನಕ ಬಂದಿತ್ತು. ಬಾಟಿಕ್ ಅಂಗಿ ಉಬ್ಬಿಕೊಂಡು ತೇಲುತ್ತಿತ್ತು. ಹಗ್ಗ ಕೈಯಲ್ಲೇ ಇತ್ತು.

“ಏನ್ ಪಾಕ್, ನಿದ್ದೆನಾ?” ಎಂದು ಒಬ್ಬರು ನಕ್ಕರಂತೆ.

ಎದೆಬಡಿತ ಯಾವಾಗಲೋ ನಿಂತಿತ್ತು. ಹಗ್ಗ ಬಿಡಿಸಲು ಬಸ್ರೋನ್ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು.

ಆ ಊರಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಜುಮಿಯಾತಿ ಹೋದಳು. ತರ್ಮಿನಾ ದೋಣಿ ಹುಟ್ಟು ಹಾಕಿದಳು, ಇಬ್ಬರೂ ದೂರದಲ್ಲಿ ನಿಂತರು. ಪೂರ್ವಕ್ಕೆ ದಾರಿಯಿಲ್ಲ. ಹೆಣದ ಮಂಚ ಹೊತ್ತವರಿಗೆ ಎದೆಮಟ್ಟ ನೀರು. ಕಾಲಡಿ ಎಲ್ಲಿ ಹಳೆಯ ರಸ್ತೆ, ಎಲ್ಲಿ ಹೊಂಡ ಎಂದು ತಿಳಿಯದೆ ಒಬ್ಬ ಮುಗ್ಗರಿಸಿದ. ಮಂಚ ವಾಲಿತು. ಹೆಣಕ್ಕೆ ಸುತ್ತಿದ ಬಿಳಿ ಕಫನಿನ ಒಂದು ಕಡೆ ನೀರಲ್ಲಿ ಅದ್ದಿತು. “ಹಿಡಿ ಹಿಡಿ,” ಎಂದು ಕೂಗಿದರು, ಸಂತೆಯಲ್ಲಿ ಮೂಟೆ ಜಾರಿದ ಹಾಗೆ.

ಗುಂಡಿ ತೋಡಿದಷ್ಟೂ ತುಂಬುತ್ತಿತ್ತು. ಬಣ್ಣದ ಡಬ್ಬಿಗಳಿಂದ ಮೊಗೆದರು. ಮೊಗೆದ ನೀರು ಅಂಚು ಸುತ್ತಿ ಮತ್ತೆ ಒಳಗೇ ಬಂತು. ಕೊನೆಗೆ ಮೊಗೆಯುವುದನ್ನು ನಿಲ್ಲಿಸಿ ಕಸ್ಮುರಿಯನ್ನು ಬಲಮಗ್ಗುಲಿಗೆ, ಮೆಕ್ಕಾದ ದಿಕ್ಕಿಗೆ, ಕಿಬ್ಲಾದ ಕಡೆ ಮುಖ ಮಾಡಿ ಮಲಗಿಸಿದರು. ನೀರಿನೊಳಗೆ. ಮೇಲೆ ಓರೆಯಾಗಿ ಹಲಗೆ ಇಟ್ಟರು. ಹಲಗೆ ತೇಲಿತು. ಬಸ್ರೋನ್ ಅದನ್ನು ಕಾಲಿನಿಂದ ಒತ್ತಿ ಹಿಡಿದು ನಿಂತ, ಉಳಿದವರು ಕೆಸರು ಎಳೆದರು. ತನ್ನಣ್ಣನ ಮೇಲೆ ನಿಂತು ಬಸ್ರೋನ್ ಅಳುತ್ತಿದ್ದ. ದುವಾ ಓದಿದವರು ಬೇಗಬೇಗ ಓದಿದರು, ಯಾಕೆಂದರೆ ಉಬ್ಬರ ತಿರುಗುತ್ತಿತ್ತು.

ಜುಮಿಯಾತಿ ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿಕೊಂಡಳು. ಅದೂ ಅದೇ ನೀರಿಗೆ ಬಿತ್ತು.

“ನೋಡ್ಬೇಡ ಕಣೇ,” ಎಂದಳು ತರ್ಮಿನಾ.

“ನೋಡಿದೆ. ಮಣ್ಣು ಅಂತ ಹೇಳ್ತೀವಲ್ಲ ಅಕ್ಕಾ, ಎಲ್ಲಿದೆ ಮಣ್ಣು? ಕೊಳಕು ನೀರಲ್ಲಿ ಮುಳುಗಿಸಿ ಬಂದ್ರು.”

ಪಶ್ಚಿಮಕ್ಕೆ, ದೂರದಲ್ಲಿ, ಹೊಸ ಹಲಗೆ ದಾರಿ ಬಿಸಿಲಿಗೆ ಒಣಗಿ ಬಿದ್ದಿತ್ತು. ಅದರ ಮೇಲೆ ಎರಡು ಕೊಕ್ಕರೆ ನಿಂತಿದ್ದವು.

ಆಮೇಲಿನ ದಿನಗಳಲ್ಲಿ ಅವಳಿಗೆ ಅಳುವಿಗಿಂತ ಅಸಹ್ಯವೇ ಹೆಚ್ಚು ಬರುತ್ತಿತ್ತು. ಪ್ರಾರ್ಥನೆಗೆ ಬಂದ ಗಂಡಸರು ಮನೆಯೊಳಗೆ ಬಾಗಿ ಬಾಗಿ ನುಗ್ಗಿ ಸಾಲಾಗಿ ಕೂತು, ಅನ್ನ ಕೋಳಿ ತಿಂದು, ಒಳ್ಳೆಯವನಾಗಿದ್ದ, ಯಾರಿಗೂ ಇಲ್ಲ ಅಂದವನಲ್ಲ ಎಂದು ಹೇಳುವಾಗ ಅಸಹ್ಯ. ಸಂಸ್ಥೆಯವರು ಸಂತಾಪ ಬರೆಸಿ ಕಳಿಸಿದ ಹೂವಿನ ಫಲಕದ ಮೇಲೆ ಅವನ ಹೆಸರಿಗಿಂತ ಅವರ ಹೆಸರು ದೊಡ್ಡದಾಗಿದ್ದುದಕ್ಕೆ ಅಸಹ್ಯ. ಗುರುವಾರ ಸೊಂಟದ ತನಕ ನೀರಲ್ಲಿ ನಡೆದುಹೋಗಿ ಎಸಳು ಉದುರಿಸಿದರೆ ಅವು ಗೋರಿಯ ಮೇಲೆ ನಿಲ್ಲದೆ, ಗಂಡಸರು ಸೇದಿ ಎಸೆದ ಬೀಡಿ ತುಂಡು, ನೂಡಲ್ಸ್ ಪೊಟ್ಟಣಗಳ ಜೊತೆ ಸೇರಿ ಸುತ್ತುತ್ತಿದ್ದವು. ಗೋರಿ ದಿನದಿಂದ ದಿನಕ್ಕೆ ಕರಗುತ್ತಿತ್ತು. ತಲೆಯ ಕಡೆ ನೆಟ್ಟ ಮರದ ಗುರುತು ವಾಲಿತ್ತು. ಇನ್ನೊಂದು ದೊಡ್ಡ ಉಬ್ಬರ ಬಂದರೆ ಹಲಗೆ ಏಳುತ್ತದೆ, ಹಲಗೆ ಎದ್ದರೆ ಅವನು ಏಳುತ್ತಾನೆ. ಅದು ಅವಳ ತಲೆಯಿಂದ ಹೋಗಲಿಲ್ಲ. ಬದುಕಿದ್ದಾಗ ಊರಿನ ಎಲ್ಲ ಮನೆಗೂ ಕೆಸರು ಹೊತ್ತವನ ಮೇಲೆ ಒಂದು ಮೊಳ ಮಣ್ಣು ನಿಲ್ಲಬೇಕು. ಅವನ ಹತ್ತಿರ ನಡೆದುಹೋಗಲು ದಾರಿ ಬೇಕು. ಅವಳಿಗೆ ಬೇಕಾಗಿದ್ದು ಇಷ್ಟೇ.

ನಲವತ್ತನೆಯ ದಿನದ ಪ್ರಾರ್ಥನೆ ಕಳೆದ ಮೇಲೆ ಸಂಸ್ಥೆಯವರು ಮತ್ತೆ ಸಭೆ ಕರೆದರು. ಮೊದಲಿನ ಯೋಜನೆ ಹೇಗಾಯಿತು ಎಂದು ಕೇಳಲು. ನಕ್ಷೆಗೆ ಪ್ಲಾಸ್ಟಿಕ್ ಹಾಕಿಸಿ ಜಗಲಿಯ ಗೋಡೆಗೆ ತೂಗುಹಾಕಿದ್ದರು. ವಿನಾರ್ತಿ ಜುಮಿಯಾತಿಯ ಕೈ ಹಿಡಿದು ಕಣ್ಣು ಒರೆಸಿಕೊಂಡಳು. ಆಮೇಲೆ ಸಭೆಗೆ ತಿರುಗಿದಳು.

“ಹಲಗೆ ದಾರಿ ನಿಮಗೆ ತೃಪ್ತಿ ಕೊಟ್ಟಿದೆಯಾ?”

“ಹೌದು, ಹೌದು, ತುಂಬಾ,” ಎಂದರು.

ಈ ಬಾಯಿಗಳೇ ಎದೆಮಟ್ಟ ನೀರಲ್ಲಿ ಹಿಡಿ ಹಿಡಿ ಎಂದು ಕೂಗಿದ್ದವು. ಜುಮಿಯಾತಿ ಅವರನ್ನು ಒಬ್ಬೊಬ್ಬರಾಗಿ ನೋಡಿದಳು. ಮಂಚ ಹೊತ್ತವರು ಅಲ್ಲಿದ್ದರು. ಡಬ್ಬಿಯಲ್ಲಿ ಮೊಗೆದವರು ಅಲ್ಲಿದ್ದರು. ಬಸ್ರೋನ್ ತಲೆ ತಗ್ಗಿಸಿ ತಿಂಡಿಯ ಎಲೆ ಬಿಚ್ಚುತ್ತಿದ್ದ.

“ಮುಂದಿನ ಹಂತದಲ್ಲಿ ಅಟ್ಟಣೆಯ ಮೇಲೆ ಹೃದಯದ ಆಕಾರದ ಒಂದು ಚೌಕಟ್ಟು ನಿಲ್ಲಿಸೋಣ ಅಂತಿದೆ. ಬಂದವರು ಅದರೊಳಗೆ ನಿಂತು ಫೋಟೋ ತೆಗೆಸ್ಕೊಳ್ತಾರೆ. ಒಪ್ಪಿಗೆನಾ?”

“ಆಗ್ಲಿ,” ಎಂದರು.

“ಬೇಡ,” ಎಂದಳು ಜುಮಿಯಾತಿ.

ಕೈಯಲ್ಲಿ ಚಹಾದ ತಟ್ಟೆ ಹಾಗೇ ಇತ್ತು. ಯಾರೋ ಅಂಟಕ್ಕಿ ಗಂಟಲಿಗೆ ಸಿಕ್ಕಿ ಕೆಮ್ಮಿದರು. ಸುಬ್ಕಾನ್ ನಗಲು ನೋಡಿದರು. “ಪಾಪ, ಇನ್ನೂ ದುಃಖದಲ್ಲಿದ್ದಾರೆ ಮ್ಬಾಕ್ ವಿನಾರ್ತಿ, ಮನಸ್ಸಿಗೆ ತಗೋಬೇಡಿ.”

“ದುಃಖ ಅಲ್ಲ ಪಾಕ್, ಹೇಸಿಗೆ,” ಎಂದಳು. ತಟ್ಟೆ ಕೆಳಗಿಟ್ಟಳು. ಬೆಳಿಗ್ಗೆ ಬಾಗಿಲ ಮುಂದಿನ ಕೆಸರು ಬಾಚಿದ ಕೈ. ಉಗುರಲ್ಲಿ ಇನ್ನೂ ಇತ್ತು. ಜಗಲಿಯ ಅಂಚಿಗೆ ಮೆತ್ತಿದ್ದ ಒಂದಿಷ್ಟು ಹಸಿ ಕೆಸರು ತೆಗೆದು ನಕ್ಷೆಯ ಪೂರ್ವಕ್ಕೆ, ನೀಲಿಯ ಮೇಲೆ, ಹೆಬ್ಬೆಟ್ಟಿನಿಂದ ಒತ್ತಿದಳು. “ಇಲ್ಲಿ ನನ್ನ ಗಂಡ ಇದ್ದಾನೆ. ಇಲ್ಲಿ ನಿಮ್ಮಮ್ಮ ಇದ್ದಾರೆ, ಪಾಕ್ ಸುಬ್ಕಾನ್. ಇಲ್ಲಿ ಎಲ್ಲರ ಮನೆಯವರೂ ಇದ್ದಾರೆ. ನೀವು ನೀರು ಅಂದ್ರಿ.”

ವಿನಾರ್ತಿಯ ಮುಖ ಬಿಳಿಚಿತು. “ಇಲ್ಲಿ… ಖಬರಸ್ತಾನಾನಾ? ನಾನು ಕೇಳಿದ್ನಲ್ಲ. ಯಾರೂ ಯಾಕೆ ಹೇಳ್ಲಿಲ್ಲ?”

“ಬಾಯಲ್ಲಿ ನಿಮ್ಮ ಉಂಡೆ ಇತ್ತು,” ಎಂದಳು ತರ್ಮಿನಾ.

ಯಾರೂ ನಗಲಿಲ್ಲ. ವಿನಾರ್ತಿ ಕೆಸರಿನ ಗುರುತನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. ಯೋಜನೆಗೆ ಒಪ್ಪಿಗೆ ಸಿಕ್ಕಾಗಿದೆ. ಈ ವರ್ಷದ ಹಲಗೆ ಮುಗಿದಿದೆ. ಮೇಲಿನವರನ್ನು ಕೇಳುತ್ತೇನೆ. ಮುಂದಿನ ವರ್ಷ ಆಗಬ—

“ಮುಂದಿನ ವರ್ಷಕ್ಕೆ ಅವನು ಇರೋದಿಲ್ಲ ಮಗಳೇ,” ಎಂದಳು ಜುಮಿಯಾತಿ. “ತೇಲಿ ಹೋಗಿರ್ತಾನೆ.”

ಆ ಊರಲ್ಲಿ ಒಂದು ಪದ್ಧತಿಯಿದೆ. ಮನೆ ಎತ್ತಬೇಕಾದರೆ, ನೆಲ ತುಂಬಬೇಕಾದರೆ, ಮನೆಯ ಯಜಮಾನ ಬೆಳಗಾಗುತ್ತಲೇ ಬಾಗಿಲಿಂದ ಬಾಗಿಲಿಗೆ ಹೋಗಿ ಕರೆಯಬೇಕು. ಅದಕ್ಕೆ ಸಂಬಾತನ್ ಎನ್ನುತ್ತಾರೆ. ಕರೆದವರು ಕೂಲಿ ಕೇಳದೆ ಬರಬೇಕು, ಕರೆದ ಮನೆಯವರು ಊಟ ಹಾಕಬೇಕು. ಕಸ್ಮುರಿ ಕರೆಯದೆಯೇ ಹೋಗುತ್ತಿದ್ದವನು. ಹೆಂಗಸು ಕರೆದದ್ದು ಯಾರೂ ಕೇಳಿರಲಿಲ್ಲ.

ಸಭೆಯ ಮರುದಿನ ಬೆಳಿಗ್ಗೆ ಜುಮಿಯಾತಿ ಗಂಡನ ಗಡಾರಿ ಹೆಗಲ ಮೇಲಿಟ್ಟುಕೊಂಡು ಹೊರಟಳು. ಒಂದೊಂದು ಬಾಗಿಲ ಮುಂದೆಯೂ ಬಾಗಿ, ಒಳಗಿನ ಕತ್ತಲೆಗೆ ಮುಖ ಮಾಡಿ ಹೇಳಿದಳು.

“ಅಟ್ಟಣೆಯ ಹಲಗೆ ಕಿತ್ತು ಪೂರ್ವಕ್ಕೆ ಹಾಕೋದಿದೆ. ಬನ್ನಿ. ಮಧ್ಯಾಹ್ನ ಅನ್ನ, ತೆಂಪೆ, ಖಾರದ ಚಟ್ನಿ.”

“ಆಗ್ಲಿ,” ಎಂದಿತು ಒಳಗಿನ ದನಿ. ಎಲ್ಲ ಬಾಗಿಲಲ್ಲೂ ಅದೇ. ಅವಳು ಅಂಗಳದ ನೀರಿಗೆ ಉಗಿದು ಮುಂದಕ್ಕೆ ಹೋದಳು.

ಅಟ್ಟಣೆಯ ಮೇಲೆ ಒಬ್ಬಳೇ ಶುರು ಮಾಡಿದಳು. ಗಡಾರಿಯ ಮೊನೆ ಹಲಗೆಯಡಿ ತೂರಿಸಿ ಮೈಭಾರ ಹಾಕಿದಳು. ಮೊಳೆ ಕಿರುಚಿ ಎದ್ದಿತು. ಒಂದು ಹಲಗೆ. ಎರಡು. ಅಟ್ಟಣೆಯ ತುದಿಯಲ್ಲಿ ಆ ಹೃದಯದ ಚೌಕಟ್ಟಿಗೆ ಆಗಲೇ ಗೂಟ ಹೊಡೆದಿದ್ದರು, ಒಪ್ಪಿಗೆ ಕೇಳುವ ಮೊದಲೇ. ಅವಳು ಅದನ್ನೂ ಕಿತ್ತಳು. ಒಳ್ಳೆಯ ಗೂಟ.

ತರ್ಮಿನಾ ಬಂದಳು. ಆಮೇಲೆ ಬಸ್ರೋನ್ ಬಂದ, ಅತ್ತಿಗೆಯ ಕೈಯಿಂದ ಗಡಾರಿ ತೆಗೆದುಕೊಂಡ. ಆಮೇಲೆ ಮಂಚ ಹೊತ್ತವರಲ್ಲಿ ಕೆಲವರು. ಬಹಳ ಬಾಗಿಲುಗಳಿಂದ ಯಾರೂ ಬರಲಿಲ್ಲ. ಬಂದವರು ಹಲಗೆಗಳನ್ನು ದೋಣಿಗೆ ತುಂಬುವಾಗ ಸುಬ್ಕಾನ್ ತಮ್ಮ ದೋಣಿಯಲ್ಲಿ ಬಂದು ನಿಂತರು.

“ಜುಮಿಯಾತಿ, ಇದು ಯೋಜನೆಯ ಆಸ್ತಿ.”

“ಹೌದು, ಪಾಕ್.”

“ಕಿತ್ತಿದ್ದು ಗೊತ್ತಾದ್ರೆ ಮುಂದೆ ನಮಗೆ ಏನೂ ಕೊಡಲ್ಲ.”

“ಹೌದು, ಪಾಕ್.”

“ನಾನು ಬೇಡ ಅಂತಿದ್ದೀನಿ!”

“ಅದನ್ನ ಆವತ್ತು ಅನ್ಬೇಕಿತ್ತು,” ಎಂದಳು.

ಸುಬ್ಕಾನ್ ಪೂರ್ವದ ಕಡೆ ಒಂದು ಸಲ ನೋಡಿದರು. ಅವರ ತಾಯಿಯ ಗೋರಿ ಕಸ್ಮುರಿಯ ಗೋರಿಗೆ ಅಂಟಿಕೊಂಡೇ ಇದೆ. “ನಾನು ಏನೂ ನೋಡ್ಲಿಲ್ಲ,” ಎಂದು ದೋಣಿ ತಿರುಗಿಸಿಕೊಂಡು ಹೋದರು. ನೋಡದಿರುವುದೇ ಅವರ ಸಹಾಯ. ಥೂ, ಎಂದಳು ಜುಮಿಯಾತಿ, ಅವರಿಗೆ ಕೇಳುವ ಹಾಗೆ.

ಮಸೀದಿಯಿಂದ ಪೂರ್ವಕ್ಕೆ ಗೂಟ ಹೊಡೆದು ಹಲಗೆ ಹಾಸುತ್ತಾ ಹೋದರು. ಹಲಗೆಗಳಲ್ಲಿ ಎಷ್ಟೋ ಆಗಲೇ ಹುಳು ತಿಂದವು, ಮೇಲೆ ಬಣ್ಣ, ಒಳಗೆ ಪುಡಿ. ಅವನ್ನು ಒಲೆಗೆ ಹಾಕಿದರು. ಹಾಗಾಗಿ ದಾರಿ ಖಬರಸ್ತಾನದ ತನಕ ತಲುಪಲಿಲ್ಲ. ಕೊನೆಯ ಒಂದಿಷ್ಟು ದೂರ ನೀರಿಗೆ ಇಳಿಯಲೇಬೇಕು. ಆದರೆ ಅಲ್ಲಿ ಮೊಣಕಾಲುಮಟ್ಟವೇ. ಹೆಣ ಅದ್ದುವುದಿಲ್ಲ.

ಬಹಳ ದಿನದ ಮೇಲೆ ವಿನಾರ್ತಿ ಒಬ್ಬಳೇ ಬಂದಳು, ಸಂಸ್ಥೆಯ ಅಂಗಿ ಇಲ್ಲದೆ. ಕಿತ್ತ ಅಟ್ಟಣೆ ನೋಡಿದಳು. ಪೂರ್ವದ ದಾರಿ ನೋಡಿದಳು. ಬೈಯಲಿಲ್ಲ. ನಕ್ಷೆಯ ಮೇಲಿನ ಹೆಬ್ಬೆಟ್ಟಿನ ಕೆಸರನ್ನು ಒರೆಸದೆ, ಅದರ ಸುತ್ತ ಗೆರೆ ಎಳೆದಿದ್ದೇನೆ, ಮೇಲಿನವರಿಗೆ ಹಾಗೇ ಕಳಿಸಿದ್ದೇನೆ ಎಂದಳು. ಅವರು ಏನಂದರು ಎಂದು ಜುಮಿಯಾತಿ ಕೇಳಲಿಲ್ಲ. ಅತಿಥಿ ಎಂದು ಚಹಾ ಕೊಟ್ಟಳು. ಆಮೇಲೆ ಒಂದು ಬಾಂಡ್ಲಿ ಕೈಗೆ ಕೊಟ್ಟು, “ಬೂಟು ಬಿಚ್ಚು, ಬಾ,” ಎಂದಳು. ಹುಡುಗಿ ಹಲಗೆಯ ಮೇಲೆ ಅರ್ಧ ಕೆಸರು ಚೆಲ್ಲಿದಳು. ಉಳಿದರ್ಧ ಗೋರಿಗೆ ತಲುಪಿತು.

ಮನೆಯ ನೆಲ ಕಸ್ಮುರಿ ಬಿಟ್ಟ ಹಾಗೆಯೇ ಇದೆ. ಅರ್ಧ ಎತ್ತರ, ಅರ್ಧ ತಗ್ಗು. ಒಲೆಯ ಹತ್ತಿರ ಹೋಗಲು ಜುಮಿಯಾತಿ ಒಂದು ಮೆಟ್ಟಿಲಿಳಿದ ಹಾಗೆ ಇಳಿಯುತ್ತಾಳೆ. ಉಬ್ಬರ ಜೋರಾದ ದಿನ ಆ ತಗ್ಗಿಗೆ ನೀರು ಬರುತ್ತದೆ, ಮಣೆಯ ಮೇಲೆ ಕಾಲೆತ್ತಿ ಕೂತು ಬೇಯಿಸುತ್ತಾಳೆ. ಬಸ್ರೋನ್ ತುಂಬಿಸಿಕೊಡುತ್ತೇನೆ ಎಂದ. ಬೇಡ ಎಂದಳು. ಈಗ ಆ ಮಾತು ಅವಳಿಗೆ ಸಲೀಸು.

ಬೆಳಿಗ್ಗೆ ನಮಾಜು ಮುಗಿಸಿ, ನೀರು ಇಳಿದ ಹೊತ್ತು ನೋಡಿ, ಹಳೆಯ ಮೀನುಹೊಂಡಕ್ಕೆ ಹೋಗುತ್ತಾಳೆ. ತಳದ ಕೆಸರು ಬಾಚಿ ಬಾಂಡ್ಲಿ ತುಂಬುತ್ತಾಳೆ. ಅದೇ ನಾತ. ಅದಕ್ಕೆ ಅವಳು ಇನ್ನೂ ಒಗ್ಗಿಲ್ಲ, ಒಗ್ಗುವ ಮನಸ್ಸೂ ಇಲ್ಲ. ಹಲಗೆಯ ಮೇಲೆ ನಡೆದು, ಹಲಗೆ ಮುಗಿದಲ್ಲಿ ನೀರಿಗಿಳಿದು, ಗೋರಿಯ ಹತ್ತಿರ ಹೋಗುತ್ತಾಳೆ. ಹಿಂದಿನ ದಿನ ಹಾಕಿದ್ದರಲ್ಲಿ ಅರ್ಧವನ್ನು ಸಮುದ್ರ ಒಯ್ದಿರುತ್ತದೆ. ಸಿಕ್ಕಿಕೊಂಡ ಪೊಟ್ಟಣ, ಬೀಡಿ ತುಂಡು ಹೆಕ್ಕಿ ಬಿಸಾಡುತ್ತಾಳೆ. ಬಾಂಡ್ಲಿ ಬೋರಲು ಹಾಕುತ್ತಾಳೆ. ಸಲಿಕೆಯ ಬೆನ್ನಿನಿಂದ ತಟ್ಟುತ್ತಾಳೆ, ಅವನು ತಟ್ಟುತ್ತಿದ್ದ ಹಾಗೆ, ನುಣ್ಣಗಾಗುವ ತನಕ.